ಆಶ್‌ಫರ್ಡ್ ಟ್ರೆಡಿಷನಲ್: ಉಣ್ಣೆ ನೂಲಲು ಕಲಿಯುವವರಿಗೆ ಒಪ್ಪುವ ಕಾಲುರಾಟೆ

ನ್ಯೂಜಿಲೆಂಡಿನ ಆಶ್‌ಬರ್ಟನ್ನಿನಲ್ಲಿರುವ, 1934ರಲ್ಲಿ ಶುರುವಾದ ಆಶ್‌ಫರ್ಡ್ ಸಂಸ್ಥೆಯ ‘ಟ್ರೆಡಿಷನಲ್’ ರಾಟೆಯನ್ನು ಉಣ್ಣೆ ನೂಲಲು ಹೊಸದಾಗಿ ಕಲಿಯುವವರಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಸಿಲ್ವರ್ ಬೀಚ್ ಮರದ ಅಂದ ಹೇಗೂ ಕಣ್ಣಿಗೆ ಬೀಳುತ್ತದೆ. ಕಲಿಯುವವರು ಮೊದಲು ಗಮನಿಸಬೇಕಾದದ್ದು ನೂಲು ಸುತ್ತಿಕೊಳ್ಳುವ ಉರುಳೆಯ, ಅಂದರೆ ಬಾಬಿನ್ನಿನ, ಮೇಲಿನ ಬ್ರೇಕನ್ನು.

ನಮ್ಮ ಚಿತ್ರದುರ್ಗದ ಕಡೆ ಕಂಬಳಿಗೆ ನೂಲು ತೆಗೆಯುವ ಕೈರಾಟೆಯಲ್ಲಿ ಒಂದು ಕೈ ಚಕ್ರ ತಿರುಗಿಸಲೇ ಮೀಸಲು. ಹುರಿಗೊಂಡ ಎಳೆಯನ್ನು ಕದಿರಿಗೆ ಸುತ್ತಬೇಕೆಂದರೆ ಎಳೆಯುವುದನ್ನು ನಿಲ್ಲಿಸಬೇಕು. ಕಾಲುರಾಟೆಯಲ್ಲಿ ಎರಡೂ ಕೈಗಳು ಉಣ್ಣೆಗೇ ಸಿಗುತ್ತವೆ, ಹುರಿಗೊಳಿಸುವುದೂ ಸುತ್ತುವುದೂ ಒಟ್ಟಿಗೇ ನಡೆಯುತ್ತವೆ. ಹೊಸಬರು ಕಂಗೆಡುವುದೂ ಇಲ್ಲಿಯೇ: ಕೈ ತಡವಾದರೆ ಎಳೆ ಅತಿಯಾಗಿ ಹುರಿಗೊಂಡು ಸುರುಳಿ ಸುತ್ತಿಕೊಳ್ಳುತ್ತದೆ, ಬಾಬಿನ್ ಜೋರಾಗಿ ಸೆಳೆದರೆ ಹುರಿ ಕೂಡುವ ಮೊದಲೇ ಉಣ್ಣೆ ಬೆರಳುಗಳ ನಡುವಿನಿಂದ ಜಾರಿಹೋಗುತ್ತದೆ.

ಈ ರಾಟೆಯ ಸ್ಕಾಚ್ ಟೆನ್ಷನ್ ಏರ್ಪಾಡಿನಲ್ಲಿ ಚಕ್ರದ ದಾರ ಫ್ಲೈಯರನ್ನು, ಅಂದರೆ ಬಾಬಿನ್ನಿನ ಸುತ್ತ ತಿರುಗಿ ಎಳೆಗೆ ಹುರಿ ಕೊಡುವ ಕವಲು ಭಾಗವನ್ನು, ಮಾತ್ರ ತಿರುಗಿಸುತ್ತದೆ. ಬಾಬಿನ್ನಿನ ಒಂದು ತುದಿಯ ಮೇಲೆ ಸ್ಪ್ರಿಂಗಿಗೆ ಕಟ್ಟಿದ ಇನ್ನೊಂದು ಸಣ್ಣ ದಾರ ಹಾದುಹೋಗಿದೆ; ಅದೇ ಬ್ರೇಕ್. ಅದರ ಗುಬಟನ್ನು ತುಸು ತಿರುಗಿಸಿದರೂ ಸೆಳೆತ ಬದಲಾಗುವುದು ಬೆರಳಿಗೆ ತಿಳಿಯುತ್ತದೆ. ಆ ದಾರವನ್ನು ಪೂರ್ತಿ ಸಡಿಲ ಬಿಟ್ಟು ಆರಂಭಿಸಿ, ಎಳೆ ತಾನಾಗಿ ಒಳಗೆ ಸರಿಯತೊಡಗುವವರೆಗೆ ಮಾತ್ರ ಬಿಗಿ ಮಾಡುವುದು ಒಳ್ಳೆಯದು; ಬಾಬಿನ್ ತುಂಬುತ್ತ ಹೋದಂತೆ ಮತ್ತೆ ಸ್ವಲ್ಪ ಬಿಗಿ ಬೇಕಾಗುತ್ತದೆ. ಕಲಿಯುವವರ ಕೈವೇಗಕ್ಕೆ ಯಂತ್ರವೇ ತಗ್ಗಿ ನಡೆಯುವ ಈ ಗುಣ ನನಗೆ ಬಹಳ ಮೆಚ್ಚುಗೆಯಾಗಿದೆ.

ಸುಮಾರು 56 ಸೆಂಟಿಮೀಟರ್ ಅಗಲದ ಚಕ್ರ ಒಮ್ಮೆ ವೇಗ ಹಿಡಿದರೆ ನಿಧಾನವಾಗಿ ತುಳಿದರೂ ನಿಲ್ಲುವುದಿಲ್ಲ. ಒಂಟಿ ಪೆಡಲ್, ಜೋಡಿ ಪೆಡಲ್ ಎರಡೂ ಬಗೆ ಸಿಗುತ್ತವೆ. ಚಕ್ರವನ್ನು ಕೈ ಹಚ್ಚದೆ ಬೇಕಾದ ದಿಕ್ಕಿಗೆ ಹೊರಡಿಸುವುದು ಜೋಡಿಯಲ್ಲಿ ಸುಲಭವಾದ್ದರಿಂದ ನನ್ನ ಒಲವು ಅದರ ಕಡೆಗೇ.

ಉಣ್ಣೆಯ ವಿಷಯದಲ್ಲಿ ಆತುರ ಬೇಡ. ಬಾಚಿ ಹದಗೊಳಿಸಿದ ಕಾರಿಡೇಲ್ ತಳಿಯ ಕುರಿಯ ಉಣ್ಣೆ ಕೈಗೆ ಬೇಗ ಒಗ್ಗುತ್ತದೆ. ನವಿರಾದ ಮೆರಿನೋವನ್ನೂ, ಗಿಡ್ಡ ಒರಟು ಎಳೆಗಳ ನಮ್ಮ ಡೆಕ್ಕನಿ ಉಣ್ಣೆಯನ್ನೂ ಕೈ ಪಳಗಿದ ಮೇಲೆ ಹಿಡಿಯುವುದು ಲೇಸು.

ಮಿತಿಗಳೂ ಇವೆ. ರಾಟೆ ಮಡಚಲು ಬರುವುದಿಲ್ಲ, ಆದ್ದರಿಂದ ಚಿಕ್ಕ ಮನೆಯಲ್ಲಿ ಒಂದು ಮೂಲೆಯನ್ನೇ ಬಿಟ್ಟುಕೊಡಬೇಕು. ಬಿಡಿಭಾಗಗಳಾಗಿ ಬರುವ ಇದನ್ನು ನಾವೇ ಜೋಡಿಸಬೇಕಾಗಿದ್ದು, ಬಣ್ಣ ಹಚ್ಚದ ಮರವನ್ನು ಕೊಂಡವರು ಜೋಡಿಸುವ ಮೊದಲೇ ಮೇಣ ಹಚ್ಚಬೇಕು. ಸಾಮಾನ್ಯ ಬಾಬಿನ್ನಿಗೆ ಸುಮಾರು 100 ಗ್ರಾಂ ನೂಲು ಹಿಡಿಸುತ್ತದೆ; ತೀರ ದಪ್ಪ ನೂಲು ಬೇಕೆನ್ನುವವರು ದೊಡ್ಡ ಗಾತ್ರದ ಜಂಬೋ ಫ್ಲೈಯರನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.