ಎಂಜಿನ್ ದೀಪದ ಗುಟ್ಟು ಬಿಡಿಸಿದ ಓಬಿಡಿ ಸ್ಕ್ಯಾನರ್

ನಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿ ಹಳದಿ ಎಂಜಿನ್ ದೀಪ ಎರಡು ತಿಂಗಳಿಂದ ಆರದೆ ಉರಿಯುತ್ತಿದ್ದುದರಿಂದ, ಬೆಂಕಿಪೊಟ್ಟಣದಷ್ಟೇ ಗಾತ್ರದ ಬ್ಲೂಟೂತ್ ಓಬಿಡಿ ಸ್ಕ್ಯಾನರೊಂದನ್ನು (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡನ್ನು ಓದುವ ಸಾಧನ) ತರಿಸಿದೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನುಗಳ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಮೊಬೈಲಿಗೆ ಜೋಡಿಸಿದಾಗ ಪಿ0135 ಎಂಬ ಕೋಡ್ ಮೂಡಿತು. ಅಂದರೆ ಎಂಜಿನ್ನಿನ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಕೋಡನ್ನು ಅಳಿಸಿದರೆ ದೀಪ ಆರಿತಾದರೂ ಮರುದಿನವೇ ಮತ್ತೆ ಹೊತ್ತಿಕೊಂಡಿತು. ಸೆನ್ಸರನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದರೂ, ಬಾನೆಟ್ ಎತ್ತಿ ಕನೆಕ್ಟರಿನವರೆಗೆ ತಂತಿಯನ್ನು ಹಿಡಿದು ನೋಡಿದಾಗ ಅದನ್ನು ಇಲಿ ಕಡಿದಿರುವುದು ಕಂಡಿತು (ನಮ್ಮ ಬೀದಿಯ ಇಲಿಗಳಿಗೆ ಇದು ಹೊಸತಲ್ಲ), ಬೆಸುಗೆ ಹಾಕಿಸಿದ ಮೇಲೆ ದೀಪ ಮರಳಲಿಲ್ಲ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳ ಕೋಡನ್ನು ಈ ಸ್ಕ್ಯಾನರ್ ಓದುವುದಿಲ್ಲವೆಂಬುದು ದೊಡ್ಡ ಕೊರತೆ. ಸಾಕೆಟ್ಟಿನಲ್ಲೇ ಬಿಟ್ಟರೆ ಬ್ಯಾಟರಿಯನ್ನು ಹೀರುವುದರಿಂದ ಕೆಲಸ ಮುಗಿದೊಡನೆ ಕಿತ್ತಿಡಬೇಕು.