ಮನೆಯಲ್ಲೇ ಬೈಕ್ ಸರ್ವಿಸ್‌ಗೆ ಟಾರ್ಕ್ ವ್ರೆಂಚ್: ಚಿಕ್ಕದನ್ನೇ ಮೊದಲು ಕೊಳ್ಳಿ

ಆಯಿಲ್ ನಾವೇ ಬದಲಿಸಿ ಉಳಿಸಿದ ದುಡ್ಡು ಒಂದು ಬೋಲ್ಟಿನ ತ್ರೆಡ್ ಕಿತ್ತುಬಂದರೆ ಅಲ್ಲಿಗೇ ಹೋಯಿತು. ಇಂಜಿನ್ ಕೇಸ್ ಅಲ್ಯೂಮಿನಿಯಂನದು, ಬೋಲ್ಟು ಉಕ್ಕಿನದು. ಅತಿಯಾಗಿ ಬಿಗಿದಾಗ ಹಾಳಾಗುವುದು ಸುಲಭಕ್ಕೆ ಸಿಗುವ ಬೋಲ್ಟಲ್ಲ, ಕೇಸಿನೊಳಗಿನ ತ್ರೆಡ್. ಹಾಗಾಗಿ ಮನೆಯಲ್ಲಿ ಸರ್ವಿಸ್ ಮಾಡುವವರು ಸಾಕೆಟ್ ಸೆಟ್ ಆದ ಮೇಲೆ ಕೊಳ್ಳಬೇಕಾದ ಮೊದಲ ಉಪಕರಣ ಟಾರ್ಕ್ ವ್ರೆಂಚ್, ಅಂದರೆ ಬೋಲ್ಟನ್ನು ಬೇಕಾದಷ್ಟೇ ಬಿಗಿಯಲು ನೆರವಾಗುವ ವ್ರೆಂಚ್. ಅದರಲ್ಲೂ ಕಾಲಿಂಚಿನ ಡ್ರೈವ್ (ಸಾಕೆಟ್ ಸಿಕ್ಕಿಸುವ ಚೌಕ) ಇರುವ, 5ರಿಂದ 25 ನ್ಯೂಟನ್ ಮೀಟರ್ (ಎನ್‌ಎಂ, ತಿರುಗಿಸುವ ಬಲದ ಅಳತೆ) ವ್ಯಾಪ್ತಿಯ, ಇಟ್ಟ ಅಳತೆ ತಲುಪಿದಾಗ ಕ್ಲಿಕ್ ಎನ್ನುವ ಮಾದರಿ.

ಹೆಚ್ಚಿನವರು ಕೊಳ್ಳುವುದು ಇದನ್ನಲ್ಲ. ಹಿಂದಿನ ಚಕ್ರದ ಆಕ್ಸಲ್ ನಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು 100 ಎನ್‌ಎಂ ದಾಟುವ ಅರ್ಧ ಇಂಚಿನ ದೊಡ್ಡ ವ್ರೆಂಚನ್ನೇ ತರುತ್ತಾರೆ. ಆದರೆ ತ್ರೆಡ್ ಕೀಳುವುದು ಆಕ್ಸಲ್ ನಟ್ಟಿನಲ್ಲಲ್ಲ, ಆಯಿಲ್ ಫಿಲ್ಟರ್ ಮುಚ್ಚಳ ಮತ್ತು ಕ್ಲಚ್ ಕವರ್ ಹಿಡಿದಿರುವ 6 ಮಿಮೀ ಬೋಲ್ಟುಗಳಲ್ಲಿ. ಇವಕ್ಕೆ ಬೇಕಿರುವುದು ಸುಮಾರು 10 ಎನ್‌ಎಂ ಅಷ್ಟೇ. 15 ಸೆಂಮೀ ಉದ್ದದ ಸ್ಪ್ಯಾನರಿನ ತುದಿಯಲ್ಲಿ 15 ಕೆಜಿ ಬಲ ಹಾಕಿದರೆ 22 ಎನ್‌ಎಂ ಬೀಳುತ್ತದೆ, ಬೇಕಾದದ್ದರ ದುಪ್ಪಟ್ಟು. 15 ಕೆಜಿ ಎಂದರೆ ಕೈಗೆ ಏನೂ ಅನ್ನಿಸದ ಬಲ. ‘ಕೈಯಂದಾಜು ಸಾಕು’ ಅನ್ನುವ ಮಾತು ಈ ಸಣ್ಣ ಬೋಲ್ಟುಗಳ ಹತ್ತಿರ ನಡೆಯುವುದಿಲ್ಲ. ದೊಡ್ಡ ವ್ರೆಂಚೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕ್ಲಿಕ್ ವ್ರೆಂಚನ್ನು ಅದರ ಗರಿಷ್ಠ ಅಳತೆಯ 20 ಶೇಕಡಾಕ್ಕಿಂತ ಕೆಳಗೆ ನಂಬಬಾರದು. 5–25ರ ವ್ರೆಂಚಿಗೆ ಆ ಗಡಿ 5 ಎನ್‌ಎಂ, 110ರ ವ್ರೆಂಚಿಗೆ 22.

ಬಳಕೆ ಸರಳ. ಹಿಡಿಯ ಕೊನೆಯ ಲಾಕ್ ಬಿಡಿಸಿ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಕೊಳವೆಯ ಮೇಲಿನ ದೊಡ್ಡ ಗೀಟಿನ ಅಂಕಿಗೆ ಹಿಡಿಯ ಅಂಚಿನ ಸಣ್ಣ ಅಂಕಿ ಕೂಡಿಸಿ ಓದಬೇಕು: 10ರ ಗೀಟು ಕಂಡು, ಅಂಚಿನಲ್ಲಿ 2 ಕೊಳವೆಯ ಉದ್ದಗೆರೆಗೆ ಬಂದರೆ 12. ಕೊಳ್ಳುವಾಗ ಈ ಗೀಟುಗಳನ್ನೇ ಮೊದಲು ನೋಡಿ. ಬರೀ ಬಣ್ಣದಲ್ಲಿ ಅಚ್ಚಾಗಿದ್ದರೆ ಪೆಟ್ರೋಲು, ಬ್ರೇಕ್ ಕ್ಲೀನರ್ ತಾಗಿ ಅಳಿಸಿಹೋಗುತ್ತವೆ. ಕೊರೆದ ಗೀಟೇ ಇರಬೇಕು. ಒಂದು ಬದಿ ಎನ್‌ಎಂ, ಇನ್ನೊಂದು ಬದಿ ಪೌಂಡ್-ಇಂಚು ಇರುವ ವ್ರೆಂಚುಗಳಲ್ಲಿ ತಪ್ಪು ಬದಿ ಓದುವುದು ತುಂಬ ಸುಲಭ. ಕೆಲವು ಸರ್ವಿಸ್ ಮ್ಯಾನ್ಯುಯಲ್‌ಗಳು ಕೆಜಿಎಫ್-ಮೀಟರ್‌ನಲ್ಲಿ (ಕಿಲೋಗ್ರಾಂ ಬಲ-ಮೀಟರ್) ಕೊಡುತ್ತವೆ. ಅದನ್ನು 9.8ರಿಂದ ಗುಣಿಸಿದರೆ ಎನ್‌ಎಂ ಸಿಗುತ್ತದೆ: 1.2 ಅಂದರೆ ಸುಮಾರು 12.

ಪೆಟ್ಟಿಗೆಯಲ್ಲಿ ಪರೀಕ್ಷಾ ಪ್ರಮಾಣಪತ್ರ ಇದ್ದರೂ ಒಮ್ಮೆ ನೀವೇ ಪರೀಕ್ಷಿಸಿ. ಬೇಕಾಗುವುದು ಒಂದು ಬೆಂಚ್ ವೈಸ್, ಬಕೆಟ್, ತೂಕದ ಯಂತ್ರ. ವ್ರೆಂಚನ್ನು 15 ಎನ್‌ಎಂಗೆ ಇಟ್ಟು ಐದಾರು ಸಲ ಕ್ಲಿಕ್ ಮಾಡಿಸಿ, ಒಳಗಿನ ಗ್ರೀಸ್ ಹರಡಲಿ. ಆಮೇಲೆ ಡ್ರೈವಿನ ಚೌಕವನ್ನು ವೈಸ್‌ನಲ್ಲಿ ಹಿಡಿಸಿ, ವ್ರೆಂಚು ನೆಲಕ್ಕೆ ಸಮನಾಗಿ ಮಲಗಿರಲಿ, ಹಿಡಿ ಕೆಳಗಿಳಿದರೆ ಬಿಗಿಯುವ ದಿಕ್ಕಿಗೇ ತಿರುಗುವಂತಿರಲಿ. ಹಿಡಿಯ ನಡುಗೆರೆಗೆ ಬಕೆಟ್ ತೂಗುಹಾಕಿ ಮಗ್ಗಿನಿಂದ ನಿಧಾನಕ್ಕೆ ನೀರು ಸುರಿಯಿರಿ. ಕ್ಲಿಕ್ ಎಂದ ಕ್ಷಣ ನಿಲ್ಲಿಸಿ ಬಕೆಟ್ ತೂಗಿ. ಡ್ರೈವಿನ ನಡುವಿನಿಂದ ಹಿಡಿಯ ಗೆರೆಗೆ 22 ಸೆಂಮೀ ಇದ್ದು, ವ್ರೆಂಚ್ ಅರ್ಧ ಕೆಜಿ ತೂಗುತ್ತಿದ್ದರೆ ಅದರ ಸ್ವಂತ ಭಾರವೇ ಅರ್ಧ ಎನ್‌ಎಂನಷ್ಟು ಎಳೆಯುತ್ತದೆ. ಅದನ್ನು ಕಳೆದರೆ ಕ್ಲಿಕ್ ಬರಬೇಕಾದದ್ದು 6.7 ಕೆಜಿ ಹತ್ತಿರ. ಟಾರ್ಕ್ ವ್ರೆಂಚುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6789 10 ಎನ್‌ಎಂಗಿಂತ ಹೆಚ್ಚಿನ ಗರಿಷ್ಠ ಅಳತೆಯ ವ್ರೆಂಚಿಗೆ 4 ಶೇಕಡಾ ಆಚೀಚೆ ಒಪ್ಪುತ್ತದೆ. ಆ ಲೆಕ್ಕದಲ್ಲಿ 6.4ರಿಂದ 7 ಕೆಜಿ ಒಳಗೆ ಮೂರು ಸಲವೂ ಬಂದರೆ ವ್ರೆಂಚ್ ಸರಿಯಿದೆ. ಒಂದು ಸಲ 6, ಮತ್ತೊಂದು ಸಲ 8 ಬಂದರೆ ಹಿಂದಿರುಗಿಸಿ. ಒಂದೇ ಕಡೆಗೆ ತಪ್ಪುವ ವ್ರೆಂಚನ್ನು ಲೆಕ್ಕ ಸರಿಹೊಂದಿಸಿಯಾದರೂ ಬಳಸಬಹುದು, ಪ್ರತಿ ಸಲವೂ ಬೇರೆ ಹೇಳುವುದನ್ನು ಸಾಧ್ಯವಿಲ್ಲ.

ಈ ವರ್ಗದ ವ್ರೆಂಚಿನ ದೊಡ್ಡ ಕೊರತೆ ಕೆಳಗಿನ ತುದಿಯಲ್ಲಿದೆ. 6–8 ಎನ್‌ಎಂನಲ್ಲಿ ಸ್ಪ್ರಿಂಗ್ ಹೆಚ್ಚು ಒತ್ತಿರುವುದಿಲ್ಲ, ಹಾಗಾಗಿ ಕ್ಲಿಕ್ ಬಹಳ ಮೆದು. ಪಕ್ಕದಲ್ಲಿ ಹಾಡು ಹಾಕಿಕೊಂಡು ಕೆಲಸ ಮಾಡಿದರೆ ಕೇಳಿಸದೇ ಹೋಗುತ್ತದೆ. ಕಿವಿಗಿಂತ ಅಂಗೈಯನ್ನು ನಂಬಿ: ಹಿಡಿ ಒಂದು ಕೂದಲೆಳೆಯಷ್ಟು ಜಾರಿದಂತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಖಚಿತಪಡಿಸಿಕೊಳ್ಳಲು ಎರಡನೇ ಸಲ ಕ್ಲಿಕ್ ಮಾಡಿಸುವ ಅಭ್ಯಾಸ ಬೇಡ, ಪ್ರತಿ ಸಲವೂ ಬಿಗಿ ಸ್ವಲ್ಪ ಏರುತ್ತದೆ. ಹಿಡಿಯನ್ನು ನಡುಗೆರೆಯಲ್ಲೇ ಹಿಡಿದು ನಿಧಾನವಾಗಿ ಎಳೆಯಬೇಕು. ಜಗ್ಗಿದರೆ ಕ್ಲಿಕ್ ಬರುವಷ್ಟರಲ್ಲಿ ಅಳತೆ ದಾಟಿರುತ್ತದೆ.

ಫಿಲ್ಟರ್ ಮುಚ್ಚಳದಲ್ಲಿ ವ್ರೆಂಚನ್ನೂ ಮೋಸಗೊಳಿಸುವ ಒಂದು ವಿಷಯವಿದೆ, ಅದು ಬೋಲ್ಟಿನ ಉದ್ದ. ಕೆಲವು ಕವರುಗಳಲ್ಲಿ ಬೋಲ್ಟುಗಳೆಲ್ಲ ಒಂದೇ ಉದ್ದವಿರುವುದಿಲ್ಲ. ಉದ್ದದ್ದು ಇರಬೇಕಾದ ತೂತಿಗೆ ಗಿಡ್ಡದ್ದು ಹೋದರೆ ಮೂರ್ನಾಲ್ಕು ಸುತ್ತು ತ್ರೆಡ್ ಮಾತ್ರ ಹಿಡಿಯುತ್ತದೆ, ಸರಿಯಾದ 10 ಎನ್‌ಎಂಗೂ ಕಿತ್ತುಬರುತ್ತದೆ. ಗಿಡ್ಡದ್ದರ ಜಾಗಕ್ಕೆ ಉದ್ದದ್ದು ಹೋದರೆ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ವ್ರೆಂಚು ಕ್ಲಿಕ್ ಅನ್ನುತ್ತದೆ, ಆದರೆ ಮುಚ್ಚಳ ಬಿಗಿಯಾಗಿರುವುದಿಲ್ಲ. ಆಯಿಲ್ ಒಸರುತ್ತದೆ, ‘ಇನ್ನೂ ಸ್ವಲ್ಪ’ ಎಂದು ತಿರುಗಿಸಿದಾಗ ಕೇಸ್ ಬಿರುಕುಬಿಡುತ್ತದೆ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದೇ ಜಾಗದಲ್ಲಿ ಚುಚ್ಚಿಡಿ. ತಳವಿರುವ ತೂತಿನಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆಯಿಂದ ಹೀರಿ ತೆಗೆಯಿರಿ. ಆಯಿಲ್ ಅಮುಕಿಕೊಳ್ಳುವುದಿಲ್ಲ, ಬೋಲ್ಟು ಒತ್ತಿದಂತೆ ಕೇಸನ್ನೇ ಒಡೆಯಬಲ್ಲದು. ಎಲ್ಲ ಬೋಲ್ಟುಗಳನ್ನೂ ಕೈಬೆರಳಿನಲ್ಲಿ ಕೂರಿಸಿ, ಎದುರುಬದುರಾಗಿ ಮೊದಲು 5ಕ್ಕೆ, ಆಮೇಲೆ 10ಕ್ಕೆ.

ಹಳೆಯ ಆಯಿಲ್ ಹೊರಬಿಡುವ ಡ್ರೈನ್ ಬೋಲ್ಟು ಈ ವ್ರೆಂಚಿನ ಮೇಲಿನ ತುದಿ. 12 ಮಿಮೀ ಬೋಲ್ಟುಗಳಿಗೆ 20ರ ಆಸುಪಾಸಿನಿಂದ 30ರವರೆಗೂ ಅಳತೆ ಇರುತ್ತದೆ. 25ರೊಳಗಿದ್ದರೆ ಇದೇ ಸಾಕು, ಕಾಲಿಂಚಿನಿಂದ 3/8 ಇಂಚಿಗೆ ಅಡಾಪ್ಟರ್ ಹಾಕಿಕೊಳ್ಳಬೇಕು. ಅಡಾಪ್ಟರಾಗಲಿ ನೇರ ಎಕ್ಸ್‌ಟೆನ್ಷನ್ ಆಗಲಿ ಅಳತೆಯನ್ನು ಬದಲಿಸುವುದಿಲ್ಲ. ವ್ರೆಂಚಿನ ಉದ್ದ ಹೆಚ್ಚಿಸುವಂತೆ ಮುಂದಕ್ಕೆ ಚಾಚುವ ಕಾಗೆಕಾಲಿನ ಸಾಕೆಟ್ ಮಾತ್ರ ಬದಲಿಸುತ್ತದೆ. ಬೋಲ್ಟಿನ ತ್ರೆಡ್ ಒರೆಸಿಯೇ ಹಾಕಿ. ಎಣ್ಣೆ ಹತ್ತಿದ್ದರೆ ಘರ್ಷಣೆ ಕಡಿಮೆಯಾಗಿ ಅದೇ ಅಳತೆಗೆ ಬೋಲ್ಟು ಹೆಚ್ಚು ಹಿಗ್ಗುತ್ತದೆ. ಕ್ರಷ್ ವಾಷರ್ (ಬಿಗಿದಾಗ ಅಮುಕಿ ಸೋರಿಕೆ ತಡೆಯುವ ಬಿಲ್ಲೆ) ಪ್ರತಿ ಸಲ ಹೊಸದೇ ಇರಲಿ. ಹಳೆಯ ವಾಷರ್ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ, ಹನಿಯುತ್ತದೆ. ಆ ಹನಿಯನ್ನು ನಿಲ್ಲಿಸಲು ಇನ್ನಷ್ಟು ಬಿಗಿದದ್ದರಿಂದಲೇ ಡ್ರೈನ್ ತೂತುಗಳು ಹಾಳಾಗುವುದು.

ಸ್ಪಾರ್ಕ್ ಪ್ಲಗ್‌ಗೆ ಇದಕ್ಕಿಂತ ಒಳ್ಳೆಯ ವ್ರೆಂಚಿಲ್ಲ. 10 ಮಿಮೀ ಪ್ಲಗ್‌ಗೆ 10–12 ಎನ್‌ಎಂ, 12 ಮಿಮೀ ಪ್ಲಗ್‌ಗೆ 15–20, ಎರಡೂ ಇದರ ವ್ಯಾಪ್ತಿಯ ನಡುವೆಯೇ ಬರುತ್ತವೆ. ಇಂಜಿನ್ ತಣ್ಣಗಿರಬೇಕು. ಪ್ಲಗ್ಗಿನ ಹಿಂಬದಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಮೊದಲ ಸುತ್ತುಗಳನ್ನು ತಿರುಗಿಸಿ. ತ್ರೆಡ್ ಓರೆಯಾಗಿ ಕೂತರೆ ಪೈಪೇ ಜಾರುತ್ತದೆ, ಸಿಲಿಂಡರ್ ಹೆಡ್ಡಿಗೆ ಪೆಟ್ಟಾಗುವುದಿಲ್ಲ. ಲೇಪನವಿರುವ ಪ್ಲಗ್ಗಿಗೆ ಆಂಟಿ-ಸೀಜ್ (ತ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಬೇಡಿ, ಅದೂ ಎಣ್ಣೆಯಂತೆಯೇ ಅಳತೆ ಕೆಡಿಸುತ್ತದೆ.

ಬ್ರೇಕ್ ಕ್ಯಾಲಿಪರ್ ಬೋಲ್ಟು, ಆಕ್ಸಲ್ ನಟ್ಟು ಇದರ ಕೈಗೆ ಮೀರಿದವು. ಆ ಕೆಲಸ ಮನೆಯಲ್ಲಿ ಶುರುವಾದಾಗ 20–110ರ ಎರಡನೇ ವ್ರೆಂಚ್ ತನ್ನಿ. ಅಲ್ಲಿಯವರೆಗೆ 25ರ ವ್ರೆಂಚಿಗೆ ಪೈಪ್ ಸಿಕ್ಕಿಸಿ ಎಳೆಯುವುದು ಬೇಡ. ಬೋಲ್ಟು ಬಿಚ್ಚಲೂ ಇದನ್ನು ಬಳಸಬೇಡಿ, ಅದಕ್ಕೆ ಮಾಮೂಲಿ ರಾಚೆಟ್ ಇದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಅತಿ ಕಡಿಮೆ ಅಂಕಿಗೆ, ಅಂದರೆ 5ಕ್ಕೆ ಇಳಿಸಿ ಪೆಟ್ಟಿಗೆಗೆ ಹಾಕಿ. ಅದಕ್ಕಿಂತ ಕೆಳಗಿಳಿಸಿದರೆ ಒಳಗಿನ ಬಿಡಿಭಾಗಗಳು ಜಾಗ ತಪ್ಪುತ್ತವೆ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದಿದ್ದರೆ ಮುಂದಿನ ಬೋಲ್ಟಿಗೆ ಹಾಕುವ ಮೊದಲು ಮತ್ತೊಮ್ಮೆ ಬಕೆಟ್ ತೂಗುಹಾಕಿ ನೋಡಿ.