ತ್ರಾಂಕ್ವಿಲ್ಲಿನಾ ಬೇಕಾದರೆ ಅಲೆಕ್ಸಾಂಡ್ರಿಯಾ: ಸಾಮ್ರಾಜ್ಞಿಯರ ನಾಣ್ಯ ಎಲ್ಲಿಯದು ಕೊಳ್ಳಬೇಕು?

ರೋಮನ್ ಸಾಮ್ರಾಜ್ಞಿಯರ ಪ್ರಾಂತೀಯ ನಾಣ್ಯ ಕೂಡಿಡಲು ಹೊರಟವರು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಟೆಟ್ರಾಡ್ರಾಕ್ಮ್‌ನಿಂದ, ಅಂದರೆ ನಾಲ್ಕು ಡ್ರಾಕ್ಮ್ ಬೆಲೆಯ ನಾಣ್ಯದಿಂದ ಶುರು ಮಾಡಿ. ಮಾರ್ಸಿಯಾನೊಪೊಲಿಸ್‌ನ ಕಂಚಿನ ನಾಣ್ಯ ನೋಡಲು ಅದಕ್ಕಿಂತ ಚೆಂದ, ಒಪ್ಪುತ್ತೇನೆ. ಎರಡನ್ನೂ ಕೊಂಡು, ಲೂಪ್ (ಭೂತಗನ್ನಡಿ) ಹಿಡಿದು ನೋಡಿದ ಮೇಲೂ ನನ್ನ ಮನಸ್ಸು ಅಲೆಕ್ಸಾಂಡ್ರಿಯಾ ಕಡೆಗೇ ಇದೆ.

ರೋಮ್‌ನ ಟಂಕಸಾಲೆಯ ಬೆಳ್ಳಿ ನಾಣ್ಯಗಳೇ ಇವೆಯಲ್ಲ ಅಂತ ಕೇಳಬಹುದು. ಫೌಸ್ಟೀನಾ, ಜೂಲಿಯಾ ಡೊಮ್ನಾ ಸಾಕು ಅನ್ನುವವರಿಗೆ ಅವು ಸಾಕು. ಆದರೆ ತ್ರಾಂಕ್ವಿಲ್ಲಿನಾ? ಚಕ್ರವರ್ತಿ ಮೂರನೇ ಗಾರ್ಡಿಯನ್‌ನ ಹೆಂಡತಿ, 241ರಲ್ಲಿ ಮದುವೆಯಾದವಳು. ಆಕೆಯ ಹೆಸರಲ್ಲಿ ರೋಮ್ ಹೊಡೆದ ಬೆಳ್ಳಿ ತೀರಾ ಅಪರೂಪ, ನಮ್ಮಂಥವರ ಕೈಗೆ ಎಟುಕುವುದಿಲ್ಲ. ಪ್ರಾಂತ್ಯಗಳ ಊರುಗಳು ಮಾತ್ರ ಆಕೆಯ ಮುಖವನ್ನು ಧಾರಾಳವಾಗಿ ಅಚ್ಚು ಹಾಕಿದವು. ಪ್ರಾಂತೀಯ ನಾಣ್ಯದ ಕಡೆ ನಾನು ತಿರುಗಿದ್ದೇ ಆಕೆಗಾಗಿ.

ಮಾರ್ಸಿಯಾನೊಪೊಲಿಸ್ ಅಂದರೆ ಇವತ್ತಿನ ಬಲ್ಗೇರಿಯಾದ ದೇವ್ನ್ಯಾ. ಚಕ್ರವರ್ತಿ ಟ್ರಾಜನ್ ತನ್ನ ಅಕ್ಕ ಮಾರ್ಸಿಯಾನಾಳ ಹೆಸರಿಟ್ಟ ಊರು. ಇಲ್ಲಿನ ದೊಡ್ಡ ಕಂಚಿನ ನಾಣ್ಯದಲ್ಲಿ ಚಕ್ರವರ್ತಿ, ಸಾಮ್ರಾಜ್ಞಿ ಇಬ್ಬರೂ ಎದುರುಬದುರು ಇರುತ್ತಾರೆ: ಕರಕಲ್ಲಾ ಎದುರು ತಾಯಿ ಡೊಮ್ನಾ, ಎಲಗಾಬಲಸ್ ಎದುರು ಅಜ್ಜಿ ಮೇಸಾ, ಗಾರ್ಡಿಯನ್ ಎದುರು ತ್ರಾಂಕ್ವಿಲ್ಲಿನಾ. ಹಿಂಬದಿಯಲ್ಲಿ ಪ್ರಾಂತ್ಯದ ಗವರ್ನರ್ ಹೆಸರೂ ಇರುತ್ತದೆ. ಐದು ಅಸ್ಸಾರಿಯಾ (ಆ ಕಾಲದ ಚಿಲ್ಲರೆ ಲೆಕ್ಕ) ಬೆಲೆ ಅಂತ ತೋರಿಸಲು ಗ್ರೀಕಿನಲ್ಲಿ ಐದನ್ನು ಸೂಚಿಸುವ ಎಪ್ಸಿಲಾನ್ ಅಕ್ಷರ. ಸಾಮ್ರಾಜ್ಞಿ ಚಕ್ರವರ್ತಿಯ ಮುಖಕ್ಕೆ ಮುಖ ಕೊಟ್ಟು, ಅವನಷ್ಟೇ ದೊಡ್ಡದಾಗಿ ಇರುವುದು ನನಗೆ ಬಹಳ ಇಷ್ಟ.

ಇದರ ಕಾಟ ಒಂದೇ, ಆದರೆ ದೊಡ್ಡದು: ಟೂಲಿಂಗ್.

ಈ ಕಂಚು ನೂರಾರು ವರ್ಷ ಮಣ್ಣಲ್ಲಿದ್ದದ್ದು. ಮೇಲೆ ಗಟ್ಟಿ ಪದರ ಕೂತಿರುತ್ತದೆ. ಅದನ್ನು ತೆಗೆಯುವುದು ಸ್ವಚ್ಛ ಮಾಡುವ ಕೆಲಸ, ಅದಕ್ಕೆ ತಕರಾರಿಲ್ಲ. ಆದರೆ ಪದರ ತೆಗೆದವರು ಎಷ್ಟೋ ಸಲ ಅಲ್ಲಿಗೆ ನಿಲ್ಲಿಸುವುದಿಲ್ಲ. ಸವೆದುಹೋದ ಕೂದಲನ್ನು ಚೂಪು ಉಳಿಯಿಂದ ಮತ್ತೆ ಕೊರೆಯುತ್ತಾರೆ. ಅಕ್ಷರಗಳ ಸುತ್ತ ಹೆರೆದು ನುಣ್ಣಗೆ ಮಾಡುತ್ತಾರೆ. ಇದೇ ಟೂಲಿಂಗ್. ದೊಡ್ಡ ನಾಣ್ಯ, ಎರಡು ಮುಖ, ಒಳ್ಳೆ ಬೆಲೆ. ಹೀಗಾಗಿ ಈ ಕೆಲಸಕ್ಕೆ ಲಾಭವೂ ಜಾಸ್ತಿ.

ನಾನು ಕೊಂಡ ಎಲಗಾಬಲಸ್–ಮೇಸಾ ಜೋಡಿಯಲ್ಲಿ ಆದದ್ದು ಇದೇ. ಡೀಲರ್ ಕೊಟ್ಟ ವಿವರದಲ್ಲಿ ಟೂಲಿಂಗ್ ಮಾತೇ ಇರಲಿಲ್ಲ. ಕೈಗೆ ಬಂದಾಗ ಮೇಸಾಳ ಕೆನ್ನೆ, ಮೂಗು ಸವೆದು ಚಪ್ಪಟೆ. ಕೂದಲ ಅಲೆಗಳು ಮಾತ್ರ ನಿನ್ನೆ ಕೊರೆದಷ್ಟು ಚೂಪು! ಕೂದಲು ಕೆನ್ನೆಯಷ್ಟೇ ಎತ್ತರದಲ್ಲಿದೆ, ಅದೊಂದೇ ಸವೆಯದೆ ಉಳಿಯುವುದು ಹೇಗೆ? ಆಕ್ಸ್‌ಫರ್ಡ್‌ನವರು ನಡೆಸುವ ರೋಮನ್ ಪ್ರಾಂತೀಯ ನಾಣ್ಯಗಳ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಅದೇ ಅಚ್ಚಿನಿಂದ ಹೊಡೆದ ಬೇರೆ ನಾಣ್ಯ ಹುಡುಕಿದೆ. ಅಕ್ಷರಗಳ ಜಾಗ, ಇಬ್ಬರ ಗಲ್ಲ, ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದವು. ಕೂದಲೇ ಕೂಡಲಿಲ್ಲ. ನನ್ನದರಲ್ಲಿ ಕಿವಿಯ ಹಿಂದೆ ಎರಡು ಅಲೆ ಜಾಸ್ತಿ. ಒಂದೇ ಅಚ್ಚಿನಲ್ಲಿ ಅದು ಸಾಧ್ಯವೇ ಇಲ್ಲ, ಅಲ್ವಾ?

ಡೀಲರ್‌ಗೆ ಎರಡೂ ಚಿತ್ರ ಕಳಿಸಿದೆ. "ಇದು ಬರೀ ಸ್ವಚ್ಛ ಮಾಡಿದ್ದು" ಅನ್ನುವ ಉತ್ತರ ಬಂತು. ತುಂಬಾ ಜಗ್ಗಾಡಿದ ಮೇಲೆ ನಾಣ್ಯ ವಾಪಸ್ ತಗೊಂಡರು, ಅಂಚೆ ಖರ್ಚು ನನ್ನ ತಲೆಗೆ ಬಂತು. ದುಡ್ಡಿಗಿಂತ ಹೆಚ್ಚು ಬೇಸರವಾದದ್ದು ಇನ್ನೊಂದಕ್ಕೆ. ಆ ಊರಿನ ಅಚ್ಚು ಕೆತ್ತುವವನು ಮೇಸಾಳನ್ನು ಹೇಗೆ ಕಂಡ ಅಂತ ತಿಳಿಯಲು ನಾನು ಆ ನಾಣ್ಯ ಕೊಂಡಿದ್ದೆ. ಅಲ್ಲಿದ್ದದ್ದು ಯಾರೋ ಈ ಕಾಲದವರ ಕೂದಲ ಕಲ್ಪನೆ.

ಇನ್ನು ಅಲೆಕ್ಸಾಂಡ್ರಿಯಾ. ಚಿಕ್ಕದು, ದಪ್ಪ, ಕೈಗೆ ಭಾರ. ಇದರಲ್ಲಿ ತ್ರಾಂಕ್ವಿಲ್ಲಿನಾ ಒಬ್ಬಳೇ, ಮುಂಬದಿ ಪೂರ್ತಿ ಆಕೆಗೇ. ಚಕ್ರವರ್ತಿ ಗಾಲಿಯೆನಸ್‌ನ ಹೆಂಡತಿ ಸಲೋನಿನಾ ಬೇಕಾದಷ್ಟು ಸಿಗುತ್ತಾಳೆ. ಜರ್ಮನಿಯ ಹರಾಜುಗಳಲ್ಲಿ ನನ್ನ ನೂರು ಯೂರೋ ಮಿತಿಯೊಳಗೆ ಆರಿಸಿಕೊಳ್ಳುವ ಹಾಗಿದೆ. ಆ ಬೆಲೆಗೆ ಯಾರೂ ಉಳಿ ಹಿಡಿದು ಕೂರುವುದಿಲ್ಲ. ಇದೇ ಊರಿನ ದೊಡ್ಡ ಕಂಚಿನ ಡ್ರಾಕ್ಮ್‌ಗಳಿಗೆ ಟೂಲಿಂಗ್ ಕಾಟ ಇದ್ದೇ ಇದೆ. ಹಾಗಾಗಿ ನನ್ನ ಶಿಫಾರಸು ಟೆಟ್ರಾಡ್ರಾಕ್ಮ್‌ಗೆ ಮಾತ್ರ.

ನನ್ನನ್ನು ಪೂರ್ತಿ ಗೆದ್ದದ್ದು ಇದರ ಮೇಲಿನ ವರ್ಷ. ಹಿಂಬದಿಯಲ್ಲಿ ವರ್ಷ ಅಂತ ಸೂಚಿಸುವ ಎಲ್ ಆಕಾರದ ಗುರುತು, ಪಕ್ಕದಲ್ಲಿ ಗ್ರೀಕ್ ಅಂಕಿ. ಅಯೋಟ ಹತ್ತು, ಡೆಲ್ಟಾ ನಾಲ್ಕು; ಗಾಲಿಯೆನಸ್‌ನ ಆಳ್ವಿಕೆಯ ಹದಿನಾಲ್ಕನೇ ವರ್ಷ, ಅಂದರೆ 266–67. ಈಜಿಪ್ಟಿನ ಹೊಸ ವರ್ಷ ಆಗಸ್ಟ್ ಕೊನೆಗೆ ಶುರು. ಅದರಿಂದಲೇ ಸಾಮ್ರಾಜ್ಞಿ ಸೆವೆರಿನಾಳ ನಾಣ್ಯಗಳಲ್ಲಿ, ಗಂಡನ ಆಳ್ವಿಕೆಯ ಏಳನೇ ವರ್ಷದ್ದಕ್ಕೆ ಅಷ್ಟು ತೂಕ. ಆ ವರ್ಷ 275ರ ಆಗಸ್ಟ್ ಕೊನೆಗೆ ಶುರುವಾಯಿತು. ಅದೇ ಶರತ್ಕಾಲದಲ್ಲಿ ಆಕೆಯ ಗಂಡ, ಚಕ್ರವರ್ತಿ ಆರೇಲಿಯನ್ ಕೊಲೆಯಾದ. ಅವನ ನಂತರ ಸ್ವಲ್ಪ ದಿನ ಆಡಳಿತ ಆಕೆಯ ಹೆಸರಲ್ಲೇ ನಡೆಯಿತು ಅಂತ ಕೆಲವು ವಿದ್ವಾಂಸರು ವಾದಿಸುತ್ತಾರೆ. ಆ ವಾದ ನಡೆಯುವ ತಿಂಗಳುಗಳಿಗೆ ಇಷ್ಟು ಹತ್ತಿರದ ವಸ್ತು ನನ್ನ ಪೆಟ್ಟಿಗೆಯಲ್ಲಿ ಬೇರೊಂದಿಲ್ಲ. ಮಾರ್ಸಿಯಾನೊಪೊಲಿಸ್‌ನಲ್ಲಿ ಗವರ್ನರ್ ಹೆಸರು ಹಿಡಿದು ಕಾಲ ಊಹಿಸಬೇಕು. ಇಲ್ಲಿ ವರ್ಷವನ್ನೇ ಬರೆದುಕೊಟ್ಟಿದ್ದಾರೆ. ನಾನು ಪ್ರತಿ ನಾಣ್ಯಕ್ಕೂ ಚೀಟಿ ಬರೆದು ವರ್ಷದ ಪ್ರಕಾರ ಜೋಡಿಸುವವನು, ನನಗೆ ಇದೇ ಸರಿ.

ಕೊರತೆಗಳೂ ಇವೆ. ಸಲೋನಿನಾ ಕಾಲಕ್ಕೆ ಬೆಳ್ಳಿ ಹೆಸರಿಗಷ್ಟೇ ಉಳಿದಿತ್ತು. ಹಿಂಬದಿಯಲ್ಲಿ ಹದ್ದು, ಹದ್ದು, ಮತ್ತೆ ಹದ್ದು. ಪಾಲ್ಮೈರಾದ ರಾಣಿ ಜೆನೋಬಿಯಾ ಕೂಡ ಇಲ್ಲಿ ನಾಣ್ಯ ಹೊಡೆಸಿದಳು, ಆದರೆ ಅದರ ಬೆಲೆ ಕೇಳುವುದೇ ಬೇಡ.

ಏಷ್ಯಾ ಮೈನರ್‌ನ (ಇವತ್ತಿನ ಟರ್ಕಿಯ) ಊರುಗಳನ್ನು ಸ್ವಲ್ಪ ದಿನ ನೋಡಿ ಬಿಟ್ಟೆ. ಪೆರ್ಗಮಾನ್‌ನ ಒಂದು ನಾಣ್ಯದಲ್ಲಿ ಚಕ್ರವರ್ತಿ ಅಗಸ್ಟಸ್‌ನ ಹೆಂಡತಿ ಲಿವಿಯಾಳನ್ನು ಹೇರಾ ದೇವಿ ಅಂತ, ಇನ್ನೊಂದು ಬದಿಯಲ್ಲಿ ಅವನ ಮಗಳು ಜೂಲಿಯಾಳನ್ನು ಅಫ್ರೊಡೈಟಿ ದೇವಿ ಅಂತ ಕರೆದಿದ್ದಾರೆ. ಅದ್ಭುತ. ಆದರೆ ನನ್ನ ಬಜೆಟ್‌ಗೆ ಬರುವವು ಸವೆದು, ಅಕ್ಷರ ಓದಲೂ ಆಗದಂಥವು.

ಎಲ್ಲಿಯದೇ ಕೊಂಡರೂ, ನಾಣ್ಯ ಹಳೆ ಸಂಗ್ರಹವೊಂದರಿಂದ ಬಂದದ್ದು ಅಂತ ತೋರಿಸುವ ಕಾಗದ ಕೇಳಿ. ಈಜಿಪ್ಟ್, ಬಲ್ಗೇರಿಯಾ, ಟರ್ಕಿ ಮೂರೂ ಕಡೆ ಮಣ್ಣಿಂದ ಅಗೆದದ್ದನ್ನು ಹೊರಗೆ ಸಾಗಿಸುವುದು ಅಪರಾಧ. ಇಲ್ಲೂ ಅಲೆಕ್ಸಾಂಡ್ರಿಯಾವೇ ವಾಸಿ. ಕೈರೋದಲ್ಲಿದ್ದ ಜೊವಾನ್ನಿ ದತ್ತಾರಿ ತನ್ನ ಸಂಗ್ರಹದ ಪಟ್ಟಿಯನ್ನು 1901ರಲ್ಲೇ ಅಚ್ಚು ಮಾಡಿಸಿದ್ದ. ಅವನ ನಾಣ್ಯಗಳ ಪೆನ್ಸಿಲ್ ಉಜ್ಜುಚಿತ್ರಗಳೂ ಆಮೇಲೆ ಪ್ರಕಟವಾದವು. ನಿಮ್ಮ ನಾಣ್ಯ ಅದಕ್ಕೆ ಕೂಡಿದರೆ ಮೂಲದ ಚಿಂತೆಯೇ ಇಲ್ಲ.

ಮಾರ್ಸಿಯಾನೊಪೊಲಿಸ್‌ನ ಗಾರ್ಡಿಯನ್–ತ್ರಾಂಕ್ವಿಲ್ಲಿನಾ ಜೋಡಿಯನ್ನು ನಾಣ್ಯ ಮೇಳದಲ್ಲಿ ಕೈಗೆತ್ತಿಕೊಂಡು ನೋಡಲು ಸಿಕ್ಕರೆ ಕೊಳ್ಳುತ್ತೇನೆ, ಬರೀ ಚಿತ್ರ ನೋಡಿ ಖಂಡಿತ ಇಲ್ಲ. ಸದ್ಯ ದುಡ್ಡು ಕೂಡಿಸುತ್ತಿರುವುದು ಅಲೆಕ್ಸಾಂಡ್ರಿಯಾದ ಪೊಪ್ಪಿಯಾಗೆ: ಒಂದು ಬದಿ ಚಕ್ರವರ್ತಿ ನೀರೋ, ಇನ್ನೊಂದು ಬದಿ ಅವನ ಹೆಂಡತಿಯಾದ ಆಕೆ, ಹತ್ತನೇ ವರ್ಷದ್ದಾದರೂ ಸರಿ, ಹನ್ನೊಂದನೆಯದ್ದಾದರೂ ಸರಿ.